ನಾರಾ ನಗರದ ಬುದ್ಧ

ಕ್ಯೋಟೋದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ನಾರಾ, 8ನೆಯ ಶತಮಾನದಲ್ಲಿ ಜಪಾನಿನ ರಾಜಧಾನಿಯಾಗಿದ್ದಿತು. ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗುವ ಪ್ರವಾಸಿಗರ ಕಾಲವೆಲ್ಲ ಅಲ್ಲಿನ ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸುವುದರಲ್ಲೇ ಕಳೆದುಹೋಗುವುದುಂಟು! ತೋದೈಜಿ ದೇವಾಲಯದ ಕಂಚಿನ ಬುದ್ಧನೆದುರು ಮಾತ್ರ ಸಾವಕಾಶವಾಗಿ ನಿಲ್ಲಬೇಕು. ವಿಗ್ರಹದ ಎತ್ತರ ಸುಮಾರು 15 ಮೀಟರು.

752ರಲ್ಲಿ ಇದಕ್ಕೆ ಕುಂಚದಿಂದ ಕಣ್ಣು ಬರೆದವನು ಭಾರತದ ಭಿಕ್ಷು ಬೋಧಿಸೇನ. ಆ ಪುಣ್ಯವು ನೆರೆದವರಿಗೂ ಸಲ್ಲಲೆಂದು ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಅವರೂ ಅದನ್ನು ಹಿಡಿದಿದ್ದರಂತೆ. ಕುಂಚವೂ ದಾರವೂ ಷೋಸೋಇನ್ ಭಂಡಾರದಲ್ಲಿ ಇಂದಿಗೂ ಇವೆ.

ಮಂದಿರವು ಉಳಿಯಲಿಲ್ಲ. 1180ರಲ್ಲಿ, ಮತ್ತೆ 1567ರಲ್ಲಿ, ಯುದ್ಧದ ಬೆಂಕಿಗೆ ಆಹುತಿಯಾಯಿತು. ಎರಡನೆಯ ಸಲ ಬುದ್ಧನು ನೂರು ವರ್ಷಕ್ಕೂ ಮೀರಿ ಸರಿಯಾದ ಸೂರಿಲ್ಲದೆ ಕುಳಿತಿದ್ದನು. ಕೊನೆಗೆ ಕೋಕೇ ಎಂಬ ಭಿಕ್ಷುವು ಜನರಿಂದ ಕಾಣಿಕೆ ಎತ್ತಲು ಹೊರಟನು. ಮೊದಲಿನ ಹನ್ನೊಂದು ಅಂಕಣಗಳ ಬದಲು ಏಳೇ ಅಂಕಣಗಳ ಇಂದಿನ ಮಂದಿರ ಪೂರ್ಣವಾದುದು 1709ರಲ್ಲಿ. ಕೋಕೇ 1705ರಲ್ಲಿಯೇ ತೀರಿಕೊಂಡಿದ್ದನು.