ಮೊದಲು ನೀರಿಗೆ, ಆಮೇಲೆ ಕಾಲಿಗೆ

ಚಂದ್ರಗುತ್ತಿ ಗುಡ್ಡದ ಕಾಲುದಾರಿಯನ್ನು ನಾವೇ ಹಸನು ಮಾಡುತ್ತೇವೆ ಎಂದು ಹೊರಟಿದ್ದೀರಂತೆ, ಸಂತೋಷ. ಅರಣ್ಯ ಇಲಾಖೆಯ ಒಪ್ಪಿಗೆ ಬರವಣಿಗೆಯಲ್ಲಿ ಕೈಗೆ ಬರುವ ತನಕ ಒಂದು ರೆಂಬೆಯನ್ನೂ ಕಡಿಯಬೇಡಿ. ಅದು ಬಂತು ಅಂದಮೇಲೆ ನಾನು ಹೇಳುವುದನ್ನು ಕೇಳಿ.

ಕತ್ತಿ ಗುದ್ದಲಿ ಹೊರುವ ಮೊದಲು ಕೊಡೆ ಹಿಡಿದು ಹೋಗಿ. ಆರಿದ್ರಾ ಮಳೆ ಜಡಿಯುವಾಗ ರೇಣುಕಾಂಬೆ ಗುಡಿಯಿಂದ ಕೋಟೆಯ ಕಡೆಗೆ ಹತ್ತಿ ನೋಡಿ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಷ್ಟು ದೂರ ದಾರಿಯ ಮೇಲೇ ಹರಿಯುತ್ತದೆ, ಎಲ್ಲಿ ಬಿಟ್ಟು ಹೋಗುತ್ತದೆ, ಅಲ್ಲಲ್ಲಿ ಒಂದೊಂದು ಗೂಟ ಹೊಡೆದು ಬನ್ನಿ. ಉಂಬಳ ಹತ್ತುತ್ತವೆ, ಹತ್ತಲಿ. ದಾರಿ ಹಾಳಾಗುವುದು ಕಾಲಿನಿಂದಲ್ಲ, ಹೆಚ್ಚಾಗಿ ನೀರಿನಿಂದ. ನಮ್ಮ ಜಂಬಿಟ್ಟಿಗೆ ನೆಲ ಬಿಸಿಲಿಗೆ ಬಿದ್ದರೆ ಗಟ್ಟಿಯಾಗುತ್ತದೆ. ನೀರು ಇಂಗದೆ ಮೇಲೇ ಓಡುತ್ತದೆ. ಪಕ್ಕಕ್ಕೆ ಹೋಗಲು ಬಾಯಿ ಕೊಡದಿದ್ದರೆ ನಾಲ್ಕು ಮಳೆಗಾಲದಲ್ಲಿ ದಾರಿಯೇ ಹಳ್ಳ. ಅಡಿಕೆ ತೋಟದ ಬಸಿಗಾಲುವೆ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸಕ್ಕೆ ಸ್ವಾತಿ ಮಳೆ ಮುಗಿದ ಹೊತ್ತು ಸರಿ, ಮಣ್ಣಿನಲ್ಲಿ ಹದ ಇರುತ್ತದೆ. ಮೂರಡಿ ಅಗಲ ಧಾರಾಳವಾಯಿತು. ಜೆಸಿಬಿ ತರಿಸೋಣ ಎಂದವನನ್ನು ಮನೆಗೆ ಕಳಿಸಿ. ದಾರಿಯ ಹೊರ ಅಂಚು ಒಳ ಅಂಚಿಗಿಂತ ಎರಡು ಅಂಗುಲ ತಗ್ಗಿರಲಿ, ನೀರು ಅಡ್ಡಡ್ಡ ಇಳಿದು ಹೋಗುತ್ತದೆ. ಹತ್ತಡಿ ನಡೆದರೆ ಒಂದಡಿಗಿಂತ ಹೆಚ್ಚು ಏರು ಬೇಡ. ಅಳತೆಗೆ ಗಾರೆಯವರ ಲೆವೆಲ್ ಪೈಪು ಸಾಕು.

ಅದಕ್ಕಿಂತ ಹೆಚ್ಚು ಏರು ತಪ್ಪದ ಕಡೆ, ನೀರನ್ನು ಪಕ್ಕಕ್ಕೆ ತಿರುಗಿಸಲು ಅಡ್ಡಗಲ್ಲು. ಕೈಗುಣ ಕಾಣುವುದು ಇಲ್ಲೇ. ನೇರ ಅಡ್ಡಕ್ಕೆ ಇಟ್ಟರೆ ಮಣ್ಣು ತುಂಬಿ ನೀರು ಮೇಲಿಂದ ಹಾರುತ್ತದೆ. ಓರೆಯಾಗಿ ಇಡಿ, ಹೊರ ತುದಿ ಇಳಿಜಾರಿನ ಕಡೆಗೆ. ಹಾರೆಯಿಂದ ಗುಂಡಿ ತೋಡಿ, ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೂಳಿ. ಒಳ ತುದಿ ಧರೆಯೊಳಕ್ಕೆ ಹೋಗಲಿ. ಇಲ್ಲದಿದ್ದರೆ ನೀರು ಆ ಸಂದಿಯನ್ನೇ ಹುಡುಕುತ್ತದೆ. ಸುತ್ತ ಚಕ್ಕೆಕಲ್ಲು ಜಡಿದು, ಮಣ್ಣು ತುಂಬಿ, ದಿಮ್ಮಸು ಹಾಕಿ. ಮೇಲೆ ನಿಂತು ಕುಣಿದರೂ ಅಲುಗಬಾರದು. ಅಲುಗಿತೋ, ಕಿತ್ತು ಮತ್ತೆ ಕೂರಿಸಿ. ಇದಕ್ಕೆಂದು ಕೋಟೆಯಿಂದ ಉದುರಿದ ಕಲ್ಲು ಎತ್ತಿ ತಂದೀರಿ, ಜೋಕೆ! ಕದಂಬರಿಂದ ಕೆಳದಿಯವರ ತನಕ ಆಳಿದ ದುರ್ಗ ಅದು, ಬಿದ್ದ ಕಲ್ಲೂ ಅದರದೇ.

ಕತ್ತಿ ಕೈಯಲ್ಲಿದ್ದಾಗ ಹುರುಪು ಜಾಸ್ತಿ. ಲಂಟಾನವನ್ನು ಬೇರುಸಹಿತ ಕೀಳಿ, ಬರೀ ಸವರಿದರೆ ಮತ್ತೆ ಚಿಗುರುತ್ತದೆ. ಮರದ ರೆಂಬೆಯನ್ನು ಮಾತ್ರ ಕಾಂಡದ ಉಬ್ಬಿನ ಹೊರಗೆ, ನಯವಾಗಿ ಗರಗಸದಲ್ಲಿ ಕೊಯ್ಯಿರಿ. ತಲೆಗೆ ತಾಗದ ರೆಂಬೆಯ ಸುದ್ದಿಗೆ ಹೋಗಬೇಡಿ. ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಬರೆದದ್ದು ನಮ್ಮ ಇದೇ ಸೊರಬ ತಾಲ್ಲೂಕಿನ ಕಾನುಗಳ, ಅಂದರೆ ದಟ್ಟ ಹಸಿರುಕಾಡುಗಳ ಮೇಲೆ. ಉಳಿದಿರುವ ಯಾವುದಾದರೂ ಒಂದು ಕಾನಿನೊಳಗೆ ನಡೆದು ಬನ್ನಿ, ರೆಂಬೆ ಯಾಕೆ ಉಳಿಸಬೇಕೆಂದು ತಿಳಿಯುತ್ತದೆ. ಮೇಲಿನ ಸೊಪ್ಪು ಮಳೆಯ ಪೆಟ್ಟು ತಿನ್ನುತ್ತದೆ, ಕೆಳಗಿನ ದರಗು ನೆಲವನ್ನು ಮೆತ್ತಗಿಡುತ್ತದೆ. ದರಗು ಗುಡಿಸಿ ನೆಲ ಬೆತ್ತಲೆ ಮಾಡುವುದನ್ನು ಚೊಕ್ಕಟ ಎಂದುಕೊಳ್ಳಬೇಡಿ.

ತಿರುವುಗಳಲ್ಲಿ ಜನ ಒಳದಾರಿ ಹಿಡಿದೇ ಹಿಡಿಯುತ್ತಾರೆ. ಬೋರ್ಡು ಯಾರೂ ಓದುವುದಿಲ್ಲ, ಬಿದಿರುಮುಳ್ಳು ಹಾಕಿ.

ಪ್ರತಿ ಮಳೆಗಾಲದ ಶುರುವಿಗೆ ಇಬ್ಬರು ಹೋಗಿ ಅಡ್ಡಗಲ್ಲಿನ ಬಾಯಿಗೆ ಕಟ್ಟಿದ ಕಸಮಣ್ಣು ಎಳೆದು ಹಾಕಬೇಕು. ಯಾರು ಹೋಗುವುದೆಂದು ಈಗಲೇ ಗೊತ್ತು ಮಾಡಿಕೊಳ್ಳಿ. ಉದ್ಘಾಟನೆಗೆ ಬ್ಯಾನರ್ ಮಾಡಿಸುವ ದುಡ್ಡಿದ್ದರೆ ಒಳ್ಳೆಯ ಹಾರೆ ತನ್ನಿ.