ಮಕ್ತಲ್‌ನಲ್ಲಿರುವ ಮೊಮ್ಮಗಳಿಗೆ

ರಾಯಚೂರು



ನಿನ್ನ ಕ್ಷೇಮಸಮಾಚಾರ ಫೋನಿನಲ್ಲಿ ಸಿಗುತ್ತಲೇ ಇದೆ. ಆದರೂ ಕೆಲವು ಮಾತು ಕಾಗದದ ಮೇಲೆ ಇಳಿದರೆ ನೀನು ಎರಡು ಸಲ ಓದುತ್ತೀಯ ಎಂದು ಈ ಪತ್ರ ಬರೆಯಲು ಕೂತೆ.

ಬೆಂಗಳೂರಿನಿಂದ ತೆಲಂಗಾಣದ ಮಕ್ತಲ್ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದಾಗಿನಿಂದ ನಿನ್ನದು ಒಂದೇ ರಾಗ: ‘ಇಲ್ಲೇನೂ ಇಲ್ಲ ಅಜ್ಜಿ. ದಿನಾ ಅದೇ ರಸ್ತೆ, ಅದೇ ಕೌಂಟರ್, ಅದೇ ಮಿರ್ಚಿ ಬಂಡಿ.’ ಹಾಗೆ ಹೇಳುತ್ತಲೇ ಮೊನ್ನೆ ಇನ್ನೊಂದು ಸಂಗತಿಯನ್ನೂ ಹೇಳಿದೆ. ಪಾಸ್‌ಬುಕ್ ಹಿಡಿದು ಬಂದ ಹಿರಿಯರೊಬ್ಬರು ನಿನ್ನ ಜೊತೆ ತೆಲುಗಿನಲ್ಲಿ ಮಾತಾಡಿದರು, ಹಿಂದೆ ಅವಸರ ಮಾಡುತ್ತಿದ್ದವನಿಗೆ ಉರ್ದುವಿನಲ್ಲಿ ಸ್ವಲ್ಪ ತಡಿ ಅಂದರು, ಕಡೆಗೆ ಚೀಟಿಯ ಮೇಲೆ ದುಂಡಗೆ ಕನ್ನಡದಲ್ಲಿ ಸಹಿ ಮಾಡಿದರು. ನೀನು ತಲೆಯೆತ್ತಿ ಅವರ ಮುಖ ನೋಡುವಷ್ಟರಲ್ಲಿ ಮುಂದಿನವರು ಬಂದುಬಿಟ್ಟರು.

ಏನೂ ಇಲ್ಲದ ಊರಲ್ಲಿ ಇಂಥದ್ದು ನಡೆಯುವುದಿಲ್ಲ ತಂಗೀ. ನಿನ್ನ ಶಾಖೆಯ ಸುತ್ತಲಿನ ಕೃಷ್ಣಾ, ಮಾಗನೂರು ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆ ಸಹಿ ಅಂಥ ಒಂದು ಶಾಲೆಯ ಹಲಗೆ ಬಳಪದಿಂದ ಬಂದಿರಬಹುದು. ಅವರು ಮತ್ತೆ ಬರುತ್ತಾರೆ. ಬಂದಾಗ ‘ಎಲ್ಲಿ ಓದಿದ್ರಿ?’ ಎಂದು ಕನ್ನಡದಲ್ಲಿ ಕೇಳು. ಉತ್ತರದ ಜೊತೆಗೆ ಒಂದು ಊರು, ಒಬ್ಬ ಮೇಷ್ಟರು, ಒಂದು ಬೇವಿನ ಮರ ಎಲ್ಲ ಬರುತ್ತವೆ.

ನಾನು ಹೇಳಬೇಕಾದದ್ದು ಇಷ್ಟೇ. ಹೊಸ ಜಾಗಕ್ಕೆ ಹೋದರೆ ಹೊಸದು ಸಿಗುತ್ತದೆ ಎಂದು ನೀನು ತಿಳಿದಿದ್ದೀಯ. ಹೋದ ಜಾಗಕ್ಕೇ ಮತ್ತೆ ಹೋಗುವವರಿಗೆ ಊರು ಹೆಚ್ಚು ತೋರಿಸುತ್ತದೆ. ಮೊದಲ ಸಲ ಬಂದವಳಿಗೆ ಬೀದಿ ಮಾತ್ರ ಕಾಣುತ್ತದೆ. ಹತ್ತನೆಯ ಸಲ ಬಂದವಳಿಗೆ ಇಂದು ಯಾವ ಅಂಗಡಿ ಮುಚ್ಚಿದೆ, ಯಾಕೆ ಮುಚ್ಚಿದೆ ಎಂಬುದೂ ಕಾಣುತ್ತದೆ.

ನಿನ್ನ ಊರಿನ ಸ್ಟೇಷನ್ನಿನಿಂದಲೇ ಶುರು ಮಾಡು. ನಾನು ಮದುವೆಯಾಗಿ ರಾಯಚೂರಿಗೆ ಬಂದ ಕಾಲಕ್ಕೆ ಮಕ್ತಲಿಗೆ ರೈಲು ಇರಲಿಲ್ಲ. ನನ್ನ ತವರು ನಾರಾಯಣಪೇಟೆಗೂ ಇರಲಿಲ್ಲ. ‘ನಾರಾಯಣಪೇಟ ರೋಡ್’ ಎಂಬ ಹೆಸರಿನ ಸ್ಟೇಷನ್ ಇದ್ದದ್ದು ಕರ್ನಾಟಕದ ಸೈದಾಪುರದಲ್ಲಿ. ಅಲ್ಲಿ ಇಳಿದು, ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಮುಂದೆ ಬಸ್ಸಿಗೆ ಕಾಯಬೇಕಿತ್ತು. ದೇವರಕದ್ರದಿಂದ ಕೃಷ್ಣಾ ಸ್ಟೇಷನ್ನಿನವರೆಗೆ ಹೊಸ ಹಳಿ ತುಂಡುತುಂಡಾಗಿ ಬಂತು. ಕಡೆಯ ತುಂಡೂ ಕೂಡಿ 2023ರ ಅಕ್ಟೋಬರ್ 1ರಂದು ಕಾಚಿಗುಡ–ರಾಯಚೂರು ರೈಲಿಗೆ ಹಸಿರು ನಿಶಾನೆ ತೋರಿಸಿದರು. ಹೋದ ಸಲ ನಿನ್ನ ಹತ್ತಿರ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಲ್ಲಿಗೂ ಹೋಗದ ಒಂದು ಕುಟುಂಬ ಅಲ್ಲಿ ಕೂತಿತ್ತು. ಮನೆಯ ಮುದುಕಿಗೆ ರೈಲು ತೋರಿಸಲು ಕರೆತಂದಿದ್ದರು. ರೈಲು ಬಂತು, ಹೋಯಿತು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ‘ಇನ್ನ ನಡೀರಿ’ ಅಂದಳು. ಎಲ್ಲರೂ ಎದ್ದರು. ನೀನು ಹತ್ತಿ ಇಳಿಯುವ ಜಾಗ ಇನ್ನೊಬ್ಬರಿಗೆ ಜಾತ್ರೆಯಾಗಿರುತ್ತದೆ.

ಬಿಡುವಿದ್ದ ದಿನ ಕೃಷ್ಣಾ ಮಂಡಲದ ಮುಡುಮಾಲಿಗೂ ಹೋಗು. ಆಳೆತ್ತರಕ್ಕಿಂತ ಎತ್ತರದ ನಿಲುವುಗಲ್ಲುಗಳು ಅಲ್ಲಿ ಬಯಲಲ್ಲಿ ನಿಂತಿವೆ. ಮೂರು ಸಾವಿರ ವರ್ಷಕ್ಕೂ ಹಳೆಯವು. ಸಪ್ತರ್ಷಿ ಮಂಡಲದಂತೆ ಕುಳಿ ಕೊರೆದ ಬಂಡೆಯೂ ಅಲ್ಲಿದೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಮುಡುಮಾಲಿನ ಹೆಸರು ಸೇರಿತು. ಸೂರ್ಯನ ಚಲನೆಗೂ ಆ ಕಲ್ಲುಗಳ ಸಾಲಿಗೂ ಸಂಬಂಧವಿದೆ ಎನ್ನುತ್ತಾರೆ ಓದಿದವರು. ಆದ್ದರಿಂದ ಒಮ್ಮೆ ಚಳಿಗಾಲದಲ್ಲಿ ಹೋಗು, ಇನ್ನೊಮ್ಮೆ ಯುಗಾದಿಯ ಹೊತ್ತಿಗೆ ಹೋಗು. ನೆರಳು ಬೀಳುವ ದಿಕ್ಕು ಬದಲಾಗಿರುತ್ತದೆ. ಆ ಕಲ್ಲು ನೆಟ್ಟವರೂ ಒಂದೇ ಜಾಗದಲ್ಲಿ ನಿಂತು ವರ್ಷಗಟ್ಟಲೆ ನೋಡಿದವರೇ ಅಲ್ಲವೇ?

ಇನ್ನು ನನ್ನ ತವರಿನ ಮಾತು. ನಾರಾಯಣಪೇಟೆಯ ಬಜಾರಿಗೆ ಬಂಗಾರ ಕೊಳ್ಳಲು ನಮ್ಮ ರಾಯಚೂರು, ಯಾದಗಿರಿ ಕಡೆಯಿಂದಲೂ ಜನ ಹೋಗುತ್ತಾರೆ. ಆ ಬೀದಿಯಲ್ಲಿ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಒಂದೇ ಅಂಗಡಿಯಲ್ಲಿ ಕೇಳುತ್ತವೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವಳ ಸೀರೆ ಉಡುವ ರೀತಿ ನೋಡಿ ಯಾವ ಮಾತಿನಲ್ಲಿ ಕರೆಯಬೇಕೆಂದು ಅಂಗಡಿಯವರಿಗೆ ಗೊತ್ತಾಗುತ್ತದೆ. ಅಲ್ಲಿನ ಬಾರಂ ಬಾವಿಯ ಮೆಟ್ಟಿಲ ಮೇಲೂ ಒಂದು ಗಳಿಗೆ ಕೂತು ಬಾ.

ಆದರೆ ಹೆಚ್ಚು ಹೊತ್ತು ಮಗ್ಗದ ಮನೆಗೆ ಕೊಡು. ನಾನು ಮನೆಯಲ್ಲಿ ಉಡುವ ಚೌಕಳಿ ಸೀರೆ, ಗುಡಿಯ ಸಾಲಿರುವ ಅಗಲ ದಡಿಯದ್ದು, ಅದೇ ನಾರಾಯಣಪೇಟೆ ಸೀರೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಲ್ಲಿ ಮಗ್ಗಕ್ಕೆ ಒಮ್ಮೆ ಹಾಸು ಹೂಡಿದರೆ ಎಂಟು ಸೀರೆ ಸಾಲಾಗಿ ನೇಯುತ್ತಾರೆ. ಬಾಲ್ಯದಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ಮಗ್ಗದ ಮುಂದೆ ನಾನು ಎಷ್ಟೋ ಸಂಜೆ ಕೂತಿದ್ದೇನೆ. ಒಂದು ವಾರ ಎರಡನೆಯ ಸೀರೆ, ಮತ್ತೊಂದು ವಾರ ಐದನೆಯದು. ಹಾಸು ಅದೇ, ನೇಕಾರರು ಅವರೇ. ಆದರೆ ಮನೆಯಲ್ಲಿ ಮಗುವಿಗೆ ಜ್ವರ ಬಂದ ದಿನ ಲಾಳಿಯ ಸದ್ದೇ ಬೇರೆ ಇರುತ್ತಿತ್ತು, ಮಗಳ ಮದುವೆ ಗೊತ್ತಾದ ದಿನದ ಸದ್ದೇ ಬೇರೆ. ಒಂದೇ ಸಲ ಬಂದು ಸೀರೆ ಕೊಂಡು ಹೋದವರಿಗೆ ಇದು ತಿಳಿಯುವಂಥದ್ದಲ್ಲ.

ಗದ್ವಾಲಕ್ಕೆ ಹೋಗುವಾಗ ಜುರಾಲಾ ಅಣೆಕಟ್ಟೆ ಹಾದು ಹೋಗು. ಬಾಗಿಲು ತೆರೆದ ದಿನ ನೀರು ನೋಡಲು ಸುತ್ತಲ ಊರೆಲ್ಲ ಅಲ್ಲಿ ಸೇರುತ್ತದೆ. ಮೀನು ಹುರಿಯುವ ಅಂಗಡಿಗಳ ಘಮ ಆಚೆ ದಡದವರೆಗೂ ಬರುತ್ತದೆ. ಊರು ಮುಟ್ಟಿದ ಮೇಲೆ ದೊರೆ ಸೋಮನಾದ್ರಿ ಕಟ್ಟಿಸಿದ ಕೋಟೆಯೊಳಗೆ ಚೆನ್ನಕೇಶವನ ಗುಡಿ ನೋಡು.

ಗದ್ವಾಲವೆಂದರೆ ನನಗೆ ಮೊದಲು ನಮ್ಮ ಅಕ್ಕನ ನೆನಪು. ಅವಳು ಮದುವೆಯಾಗಿ ಆ ಊರಿಗೆ ಹೋದಾಗ ನಾನು ಚಿಕ್ಕವಳು. ನಮ್ಮ ಅಪ್ಪ ಲಕೋಟೆಯ ಮೇಲೆ ‘ಗದ್ವಾಲ, ರಾಯಚೂರು ಜಿಲ್ಲೆ’ ಎಂದು ಬರೆಯುತ್ತಿದ್ದರು. ಆಗ ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾದಾಗ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ಲಕೋಟೆ ಬದಲಾಯಿತು. 2014ರ ಜೂನ್ 2ರಂದು ತೆಲಂಗಾಣ ಬಂತು, ಮತ್ತೆ ಬದಲಾಯಿತು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು, ಇನ್ನೊಮ್ಮೆ ಬದಲಾಯಿತು. ನಾರಾಯಣಪೇಟೆ ಜಿಲ್ಲೆಯಾದದ್ದು 2019ರ ಫೆಬ್ರವರಿ 17ರಂದು. ಇಷ್ಟೆಲ್ಲ ಆದರೂ ಅಕ್ಕ ಅದೇ ಮನೆಯ ಅದೇ ಕಟ್ಟೆಯ ಮೇಲೆ ಕೂತು ಪತ್ರ ಓದಿದಳು. ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಚೌಕಾಶಿ ಮಾಡಿ, ಒಳಗೆ ಬಂದು ಕನ್ನಡದಲ್ಲಿ ದೇವರಿಗೆ ದೀಪ ಹಚ್ಚಿದಳು. ಸರ್ಕಾರಗಳು ಗೆರೆ ಎಳೆಯುತ್ತವೆ, ಎಳೆಯಲೇಬೇಕು. ಆ ಗೆರೆಯ ಮೇಲೆ ಬದುಕು ಕಟ್ಟಿ ನಿಲ್ಲಿಸಿದ್ದು ಅಕ್ಕನಂಥವರ ದಿನದಿನದ ಇದೇ ಚಿಕ್ಕ ಕೆಲಸಗಳು.

ನಿನ್ನ ಅಮ್ಮನ ಮದುವೆಯ ಗದ್ವಾಲ ಸೀರೆ ತಂದುಕೊಟ್ಟವಳೂ ಅವಳೇ. ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡು. ಮೈ ಹತ್ತಿಯದು, ದಡಿಯೂ ಸೆರಗೂ ರೇಷ್ಮೆಯವು. ಮೈಗೊಂದು, ಎರಡು ದಡಿಗೆ ಎರಡು, ಹೀಗೆ ಬೇರೆ ಬೇರೆ ಲಾಳಿ ಓಡುತ್ತವೆ. ಹತ್ತಿಯ ಎಳೆ, ರೇಷ್ಮೆಯ ಎಳೆ ಕೂಡುವಲ್ಲಿ ಪ್ರತಿ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಬೇಕು. ಇದನ್ನು ಕುಪ್ಪಡಂ ಎನ್ನುತ್ತಾರೆ. ಒಂದು ಎಳೆ ತಪ್ಪಿದರೂ ಅಲ್ಲಿ ಸೀರೆ ಬಿಡುತ್ತದೆ. ತಿರುಮಲದ ಬ್ರಹ್ಮೋತ್ಸವಕ್ಕೆ ಅರ್ಪಿಸುವ ಜೋಡು ಪಂಚೆಯನ್ನು ವ್ರತ ಹಿಡಿದು ನೇಯುವವರೂ ಇದೇ ಊರಿನವರು. ನಮ್ಮ ಗಡಿಯ ಊರುಗಳೂ ಇದೇ ನೇಯ್ಗೆಯವು. ಅಲ್ಲಿ ಕೊಂಡಿ ಹಾಕುವ ಕೆಲಸ ದಿನಾ ನಡೆಯುತ್ತಲೇ ಇರುತ್ತದೆ, ನಿನ್ನ ಕೌಂಟರಿನಲ್ಲಿಯೂ.

ವರ್ಗಾವಣೆಗೆ ಅರ್ಜಿ ಹಾಕಬೇಡ ಎಂದು ನಾನು ಹೇಳುವುದಿಲ್ಲ. ಹಾಕು, ನಿನಗೆ ನಿನ್ನ ಬದುಕಿದೆ. ಆದರೆ ಅದು ಬರುವತನಕದ ದಿನಗಳೂ ನಿನ್ನ ಆಯುಷ್ಯದವೇ. ಅವನ್ನು ಕಾಯುವುದರಲ್ಲಿ ಕಳೆಯಬೇಡ. ಬೆಳಿಗ್ಗೆ ಒಂದೇ ದಾರಿಯಲ್ಲಿ ನಡೆದು ಹೋಗು. ಒಂದೇ ಅಂಗಡಿಯಲ್ಲಿ ತರಕಾರಿ ಕೊಳ್ಳು, ನಾಲ್ಕನೆಯ ಸಲಕ್ಕೆ ಅವರೇ ಕೊತ್ತಂಬರಿ ಸೇರಿಸಿ ಕೊಡುತ್ತಾರೆ. ತೆಲುಗು ಪುಸ್ತಕದಿಂದ ಕಲಿಯಲು ಹೋಗಬೇಡ, ಆ ತರಕಾರಿಯವರಿಂದ ಕಲಿ. ತಪ್ಪು ಮಾತಾಡಿದರೆ ನಗುತ್ತಾರೆ, ನಗುತ್ತಲೇ ತಿದ್ದುತ್ತಾರೆ. ಫೋನು ಚೀಲದಲ್ಲಿರಲಿ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಏನಾದರೂ ಕೇಳಿದರೆ ಉತ್ತರ ಕೊಡು, ಆಮೇಲೆ ನೀನೂ ಒಂದು ಪ್ರಶ್ನೆ ಕೇಳು. ಬ್ಯಾಂಕಿಗೆ ಬಂದವರಲ್ಲಿ ದಿನಕ್ಕೆ ಒಬ್ಬರನ್ನಾದರೂ ಹೆಸರು ಹಿಡಿದು ಮಾತಾಡಿಸು. ತಮ್ಮ ಹೆಸರು ಕೌಂಟರಿನ ಆಚೆಯವರಿಗೆ ಗೊತ್ತಿದೆ ಎಂದರೆ ಹಳ್ಳಿಯಿಂದ ಬಂದವರಿಗೆ ಎಷ್ಟು ಧೈರ್ಯ ಬರುತ್ತದೆಂದು ನಿನ್ನ ವಯಸ್ಸಿನಲ್ಲಿ ತಿಳಿದರೆ, ನೀನು ಎಲ್ಲಿಗೆ ಹೋದರೂ ಒಳ್ಳೆಯ ಉದ್ಯೋಗಿಯಾಗುತ್ತೀಯ.

ಮುಂದಿನ ಪತ್ರದಲ್ಲಿ ಆ ಸಹಿ ಮಾಡಿದ ಹಿರಿಯರು ಯಾವ ಶಾಲೆಯವರೆಂದು ಬರೆ. ಗೊತ್ತಾಗದಿದ್ದರೆ ಅವರು ಬರುವತನಕ ಕಾದು ಬರೆ, ನನಗೆ ಅವಸರವಿಲ್ಲ. ಮಧ್ಯಾಹ್ನದ ಊಟ ತಪ್ಪಿಸಬೇಡ.

ಇತಿ ನಿನ್ನ
ಅಜ್ಜಿ