ಆಯಿಲ್ ಕುಡಿಯುವ ಎಂಜಿನ್: ಅಳತೆಯೇ ಗ್ರಾಹಕರ ಸಾಕ್ಷ್ಯ

ವಾರಂಟಿ ಇರುವ ಕಾರಿನ ಎಂಜಿನ್ ಆಯಿಲ್ ಮುಂದಿನ ಸರ್ವಿಸ್‌ವರೆಗೆ ಉಳಿಯದೆ, ನಡುವೆಯೇ ಡಿಪ್‌ಸ್ಟಿಕ್‌ನ ಕೆಳಗಿನ ಗುರುತಿಗೆ ಇಳಿದರೆ ಮಾಲೀಕರಿಗೆ ಸಾಮಾನ್ಯವಾಗಿ ಸಿಗುವ ಸಮಾಧಾನ ಒಂದೇ: ‘ಎಲ್ಲ ಎಂಜಿನ್ನೂ ಸ್ವಲ್ಪ ಆಯಿಲ್ ತಿನ್ನುತ್ತದೆ, ಒಂದು ಲೀಟರ್ ಹಾಕಿ ಕೊಡುತ್ತೇವೆ.’ ಹೀಗೆ ಆಯಿಲ್ ಹಾಕಿಸಿಕೊಂಡು ಬರಿಗೈಯಲ್ಲಿ ಮರಳಿದ ಪ್ರತಿ ಸಲವೂ ವಾರಂಟಿಯ ಅವಧಿ ಕರಗುತ್ತದೆ, ದೋಷವಿತ್ತು ಎನ್ನಲು ಕಾಗದವೂ ಉಳಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಾಯಚೂರು, ದೇವದುರ್ಗ, ಮಾನ್ವಿಯ ಕಾರು ಮಾಲೀಕರಿಗೆ ಸಾಕಷ್ಟು ಬಲ ಕೊಟ್ಟಿದೆ. ಆದರೆ ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಎಂಬ ಲೆಕ್ಕ ಬರಹದಲ್ಲಿ ಇಲ್ಲದಿದ್ದರೆ ಆ ಬಲ ಕೈಗೆ ಬರುವುದು ಕಷ್ಟ. ಎಂಜಿನ್ ಬಿಚ್ಚುವ ಮೊದಲೇ ಆಗಬೇಕಾದ ಕೆಲಸ ಅದು.

ಆಯಿಲ್ ಕಡಿಮೆಯಾಗುವುದಕ್ಕೆ ಮುಖ್ಯವಾಗಿ ಎರಡು ದಾರಿ: ಹೊರಗೆ ಸೋರಬೇಕು, ಇಲ್ಲವೇ ಒಳಗೆ ಉರಿಯಬೇಕು. ಡ್ರೇನ್ ಬೋಲ್ಟ್, ಫಿಲ್ಟರ್, ಗ್ಯಾಸ್ಕೆಟ್‌ಗಳ ಸೋರಿಕೆ ಕಣ್ಣಿಗೆ ಕಾಣುತ್ತದೆ. ಉರಿಯುವ ಆಯಿಲ್ ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗಿ ತೋರಬಹುದು. ನಿಂತಿದ್ದ ಗಾಡಿ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ಅನುಮಾನ ವಾಲ್ವ್ ಸೀಲಿನ ಮೇಲೆ. ಆಕ್ಸಿಲರೇಟರ್ ಒತ್ತಿದಾಗ ಬಂದರೆ ಪಿಸ್ಟನ್ ರಿಂಗಿನ ಮೇಲೆ. ಕಂಪ್ರೆಷನ್ ಪರೀಕ್ಷೆಯಲ್ಲಿ ಒತ್ತಡ ಕಡಿಮೆ ಬಂದು, ಸಿಲಿಂಡರಿಗೆ ತುಸು ಆಯಿಲ್ ಬಿಟ್ಟ ಮೇಲೆ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ ಎಂದರ್ಥ. ಒತ್ತಡ ಸರಿಯಿದ್ದೂ ಆಯಿಲ್ ಇಳಿಯುತ್ತಿದ್ದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಅನಿಲ ಹೊರಬಿಡುವ ಕವಾಟ), ವಾಲ್ವ್ ಸೀಲ್, ಟರ್ಬೊ ಇಲ್ಲವೇ ಅಂಟಿಕೊಂಡ ಆಯಿಲ್ ರಿಂಗನ್ನು ನೋಡಬೇಕು. ಪಿಸಿವಿ ವಾಲ್ವ್ ಬದಲಿಸುವುದು ಸಣ್ಣ ಖರ್ಚು, ರಿಂಗ್ ಬದಲಿಸಲು ಎಂಜಿನ್ ಬಿಚ್ಚಬೇಕು. ಈ ಕ್ರಮ ಬಿಟ್ಟು ಹೊರಗಿನ ಗ್ಯಾರೇಜಿನಲ್ಲಿ ಮೊದಲೇ ಎಂಜಿನ್ ಬಿಚ್ಚಿಸಿದರೆ ಹಣವೂ ಹೋಗುತ್ತದೆ, ಮೂಲ ದೋಷದ ಗುರುತೂ ಅಳಿಯುತ್ತದೆ.

ಆಯಿಲ್ ತಿನ್ನುವುದು ಸಹಜ ಎಂಬ ವಾದ ಪೂರ್ತಿ ಸುಳ್ಳಲ್ಲ. ಕೆಲವು ಕಂಪನಿಗಳ ಮ್ಯಾನುಯಲ್‌ಗಳು 1000 ಕಿ.ಮೀ.ಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೂ ಒಪ್ಪುತ್ತವೆ. ಆ ಮಿತಿ ದಾಟಿದೆಯೇ ಎಂದು ತಿಳಿಯಲು ಅಳೆಯಲೇಬೇಕು. ಸರ್ವಿಸ್ ಸೆಂಟರಿನಲ್ಲಿ ಆಯಿಲನ್ನು ಮೇಲಿನ ಗುರುತಿಗೆ ತುಂಬಿಸಿ, ಡ್ರೇನ್ ಬೋಲ್ಟ್ ಮತ್ತು ಫಿಲ್ಟರಿಗೆ ಗುರುತು ಹಾಕಿಸಿ, ಓಡೋಮೀಟರ್ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆಸಬೇಕು. 1000 ಕಿ.ಮೀ. ಓಡಿದ ಮೇಲೆ ಅಲ್ಲಿಯೇ ಮತ್ತೆ ತುಂಬಿಸಿ, ಹಿಡಿದ ಪ್ರಮಾಣವನ್ನು ದಾಖಲಿಸಬೇಕು. ನಡುವೆ ಹಾಕಿದ ಆಯಿಲಿಗೂ ಬಿಲ್ ಇರಲಿ. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಯಲು ಒಪ್ಪದಿದ್ದರೆ ಅದೇ ದಿನ ಇ-ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಡೀಲರಿಗೂ ಕಂಪನಿಗೂ ತಿಳಿಸಬೇಕು. ಅಮೆರಿಕದಲ್ಲಿ ಸುಬಾರು ಕಾರುಗಳ ಮಾಲೀಕರು ಎಂಜಿನ್ ಅತಿಯಾಗಿ ಆಯಿಲ್ ತಿನ್ನುತ್ತದೆ ಎಂಬ ದೂರಿನ ಮೇಲೆ ಒಟ್ಟಾಗಿ ದಾವೆ ಹೂಡಿದ್ದರು. 2016ರ ರಾಜಿಯಲ್ಲಿ ಸಂಬಂಧಪಟ್ಟ ಕಾರುಗಳ ಎಂಜಿನ್ ವಾರಂಟಿ ಐದು ವರ್ಷದಿಂದ ಎಂಟು ವರ್ಷಕ್ಕೆ ವಿಸ್ತರಣೆಯಾಯಿತು. ಸಹಜ ಎಂಬ ಮಾತೇ ಕೊನೆಯ ಮಾತಲ್ಲ ಎಂಬುದಕ್ಕೆ ಇದು ಆಧಾರ.

ಕಾಯ್ದೆಯ ಪ್ರಕಾರ ವಸ್ತುವಿನ ಗುಣಮಟ್ಟದ ಕೊರತೆ ‘ದೋಷ’, ಕೆಲಸದಲ್ಲಿನ ಕೊರತೆ ‘ಸೇವಾ ನ್ಯೂನತೆ’. ರಿಂಗೇ ಕೆಟ್ಟಿದ್ದರೆ ತಯಾರಕರ ಹೊಣೆ. ದೂರು ಕೇಳಿಯೂ ಪರೀಕ್ಷಿಸದೆ ಕಳಿಸಿದ್ದರೆ ಡೀಲರಿನ ಹೊಣೆ. ಡೀಲರಿನ ತಪ್ಪು ತಾನಾಗಿಯೇ ತಯಾರಕರ ತಲೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಟಾಟಾ ಮೋಟರ್ಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಯಾರ ತಪ್ಪು ಯಾವುದೆಂದು ಬೇರೆ ಬೇರೆಯಾಗಿ ಬರೆಯುವುದು ಕ್ಷೇಮ. ತಜ್ಞರ ವರದಿ ಎಲ್ಲ ಪ್ರಕರಣಕ್ಕೂ ಬೇಕಿಲ್ಲ ಎನ್ನುವವರು ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ 2022ರ ಹುಂಡೈ ತೀರ್ಪನ್ನು ತೋರಿಸುತ್ತಾರೆ. ಅಲ್ಲಿ ದೋಷ ತಾನಾಗಿಯೇ ಕಾಣುತ್ತಿತ್ತು, ಆಯಿಲಿನ ವಿಷಯದಲ್ಲಿ ಹಾಗಲ್ಲ. ಹಾಗಾಗಿ ಕಾಯ್ದೆಯ 38ನೇ ಕಲಮಿನಡಿ ತಾಂತ್ರಿಕ ಪರೀಕ್ಷೆಗೆ ಆದೇಶಿಸುವಂತೆ ಗ್ರಾಹಕ ಆಯೋಗವನ್ನು ಕೋರಬೇಕು. ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗಬಹುದು. ಪರಿಹಾರ ಕೇಳುವಾಗಲೂ ಅಳತೆ ಬೇಕು. ಭಾಗ ಬದಲಿಸಿ ಸರಿಪಡಿಸಬಹುದಾದ ಕಡೆ ಇಡೀ ಕಾರನ್ನೇ ಬದಲಿಸಿ ಎಂಬ ಆದೇಶವನ್ನು 2006ರ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೊದಲ ಕೋರಿಕೆ ಉಚಿತ ದುರಸ್ತಿ ಮತ್ತು ನಷ್ಟ ಪರಿಹಾರವಾಗಿರಲಿ. ಹೊಸ ಕಾರು ಅಥವಾ ಹಣ ವಾಪಸ್ ಪರ್ಯಾಯ ಕೋರಿಕೆಯಾಗಿರಲಿ.

ದೊಡ್ಡ ಕಂಪನಿಯ ಎದುರು ತಾಲ್ಲೂಕಿನವರು ಹೋರಾಡುವುದು ಹೇಗೆ ಎಂಬ ಹಿಂಜರಿಕೆಗೆ ಕಾಯ್ದೆಯಲ್ಲೇ ಉತ್ತರವಿದೆ. ಕಾರನ್ನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೊಂಡಿದ್ದರೂ, ವಾಸ ಮಾನ್ವಿ ಅಥವಾ ದೇವದುರ್ಗದಲ್ಲಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಧಿಕಾರ ಜಿಲ್ಲಾ ಆಯೋಗದ್ದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಕೇಳಬಹುದು. ಅದರ ಸಹಾಯವಾಣಿ 15100. ಗ್ರಾಹಕ ಸಹಾಯವಾಣಿ 1915. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಒಂದು ಟ್ಯಾಕ್ಸಿ ಇಟ್ಟುಕೊಂಡವರೂ ಗ್ರಾಹಕರೇ. ಆದರೆ ಆ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಎದುರುದಾರರು ಸರ್ವಿಸ್ ತಪ್ಪಿಸಿದ್ದೀರಿ, ಬೇರೆ ಗ್ರೇಡಿನ ಆಯಿಲ್ ಹಾಕಿದ್ದೀರಿ ಎನ್ನಬಹುದು. ನಿಜಕ್ಕೂ ಹಾಗೆ ಮಾಡಿದ್ದರೆ ಅದು ನ್ಯಾಯವಾದ ಆಕ್ಷೇಪವೇ, ಮಾಲೀಕರ ಕರ್ತವ್ಯವೂ ಇಲ್ಲಿದೆ. ಸರ್ವಿಸ್ ದಾಖಲೆ ಕ್ರಮವಾಗಿದ್ದರೆ ಅದೇ ಉತ್ತರ. ವಾರಂಟಿ ಮುಗಿದಿದೆ ಎಂದರೆ, ದೂರು ಅವಧಿಯೊಳಗೆ ದಾಖಲಾಗಿತ್ತು, ಸರಿಯಾಗಲಿಲ್ಲ ಎಂದು ಜಾಬ್ ಕಾರ್ಡ್ ತೋರಿಸಬೇಕು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಹಾಗಾಗಿ ಡಿಪ್‌ಸ್ಟಿಕ್ ಮೊದಲ ಸಲ ಕೆಳಗಿಳಿದ ದಿನವೇ ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್ ಈ ಮೂರನ್ನೂ ಬರೆದಿಡಿ. ವಾರಂಟಿ ಮುಗಿಯುವ ಮೊದಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.